ಪ್ರಿಂಟರ್ ಇದೆ, ಕಾಗದ ಇದೆ, ಪರ್ಮಿಷನ್ ಇಲ್ಲ!

ಮೊದಲು ನಮ್ಮೂರ ಕಚೇರಿಗಳಲ್ಲಿ ಜನರನ್ನು ವಾಪಸ್ ಕಳಿಸೋಕೆ ಒಂದೇ ಮಾತಿತ್ತು: "ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ." ಆಮೇಲೆ "ಕರೆಂಟಿಲ್ಲ" ಬಂತು. ಕಂಪ್ಯೂಟರ್ ಬಂದ ಮೇಲೆ "ಸರ್ವರ್ ಡೌನ್" ಆಯಿತು. ಈಗ ಇನ್ನೊಂದು ಸೇರಿಕೊಂಡಿದೆ. "ಪ್ರಿಂಟ್‌ಗೆ ಪರ್ಮಿಷನ್ ಇಲ್ಲ ಅಂತ ಬರ್ತಾ ಇದೆ, ನಾಳೆ ಬನ್ನಿ."

ಇದೇನು ಸ್ವಾಮಿ? ಸರ್ಕಾರದ ಪ್ರಿಂಟರು, ಸರ್ಕಾರದ ಕಾಗದ, ಸರ್ಕಾರದ ಗುಮಾಸ್ತ, ಎದುರಿಗೆ ಶುಲ್ಕ ಕಟ್ಟಿ ನಿಂತ ಅರ್ಜಿದಾರ. ಇಷ್ಟೆಲ್ಲ ಇದ್ದೂ ಪರ್ಮಿಷನ್ ಕೊಡಬೇಕಾದವರು ಇನ್ಯಾರು?

ನಗಬೇಡಿ. ಇದು ಕಚೇರಿಗಳ ಪಾಡು ಮಾತ್ರ ಅಲ್ಲ. ಪೇಟೆ ಬೀದಿಯಲ್ಲಿ ಎರಡು ಕಂಪ್ಯೂಟರ್, ಒಂದು ಪ್ರಿಂಟರ್ ಇಟ್ಟುಕೊಂಡ ಅಂಗಡಿಯವರನ್ನು ಕೇಳಿ ನೋಡಿ. ನಿನ್ನೆ ಸಂಜೆವರೆಗೆ ಗಲ್ಲಾದಿಂದ ಗೋಡೌನ್‌ಗೆ ಬಿಲ್ಲು ಹೋಗ್ತಿತ್ತು, ಇವತ್ತು ಬೆಳಿಗ್ಗೆ ಹೋಗಲ್ಲ. ಗಿರಾಕಿ ನಿಂತಿದ್ದಾನೆ, ಲಾರಿ ನಿಂತಿದೆ, ಪರದೆ ಮೇಲೆ ಮಾತ್ರ ಒಂದು ಕೆಂಪು ಗುರುತು, "ಆಕ್ಸೆಸ್ ಡಿನೈಡ್." ಕೆಟ್ಟಿದೆ ಅಂದ್ಕೊಂಡು ಪ್ರಿಂಟರನ್ನೇ ಹೊತ್ತುಕೊಂಡು ರಿಪೇರಿಗೆ ಹೋದವರೂ ಇದ್ದಾರೆ. ಅಲ್ಲಿ ಅದು ಚೆನ್ನಾಗೇ ಓಡುತ್ತೆ. ವಾಪಸ್ ತಂದು ಇಟ್ಟರೆ ಮತ್ತೆ ಅದೇ ರಾಗ.

ಯಾಕೆಂದರೆ ಕೆಟ್ಟಿರೋದು ಯಂತ್ರ ಅಲ್ಲ. ಯಾರಿಗೆ ಏನು ಮಾಡೋ ಹಕ್ಕಿದೆ ಅನ್ನೋ ಲೆಕ್ಕ ಕೆಟ್ಟಿದೆ. ಆ ಲೆಕ್ಕ ಸರಿ ಮಾಡೋ ಬದಲು ನಮ್ಮೂರಲ್ಲಿ ನಡೀತಾ ಇರೋ ಚಿಕಿತ್ಸೆ ಯಾವುದು ಗೊತ್ತಾ? ಎಲ್ಲರ ಕೈಗೂ ಎಲ್ಲ ಬೀಗದ ಕೈ ಕೊಟ್ಟುಬಿಡೋದು. ರೋಗಕ್ಕಿಂತ ಮದ್ದೇ ಕೆಟ್ಟದ್ದು ಅನ್ನೋದು ನನ್ನ ತಕರಾರು.

ಒಂದು ಕಚೇರಿಯ ಕತೆ ಕೇಳಿ, ಹೆಸರು ಬೇಡ. ನಾಲ್ಕು ಕೌಂಟರು, ನಾಲ್ಕು ಕಂಪ್ಯೂಟರು, ಗೋಡೆ ಪಕ್ಕ ಒಂದು ದೊಡ್ಡ ಪ್ರಿಂಟರು, ಒಳಕೋಣೆಯಲ್ಲಿ ಸರ್ವರು. ನಾಲ್ಕೂ ಕಂಪ್ಯೂಟರಿನ ಕಾಗದ ಆ ಸರ್ವರ್ ಮೂಲಕವೇ ಪ್ರಿಂಟರಿಗೆ ಹೋಗಬೇಕು. ಒಂದು ದಿನ ಮೂರು ಕೌಂಟರಿಗೆ ಪ್ರಿಂಟು ನಿಂತಿತು, ಒಂದಕ್ಕೆ ಬರ್ತಿತ್ತು. ಸರಿ, ನಾಲ್ಕು ಸಾಲಿನ ಜನ ಒಂದೇ ಸಾಲಿಗೆ ಬಂದರು. ಹಳ್ಳಿಯಿಂದ ಬೆಳಿಗ್ಗೆ ಎಂಟರ ಬಸ್ಸಿಗೆ ಬಂದ ಅಜ್ಜಿಯೊಬ್ಬರು ಮೂರೂವರೆವರೆಗೆ ನಿಂತು, ಊರಿನ ಕಡೇ ಬಸ್ಸು ತಪ್ಪೀತು ಅಂತ ಬರಿಗೈಲಿ ಎದ್ದು ಹೋದರು. ಗುಮಾಸ್ತರು ಏನು ಮಾಡಿಯಾರು? "ನಮ್ಮ ಕೈಯಲ್ಲಿಲ್ಲಮ್ಮಾ" ಅಂದರು. ಅದು ನಿಜವೂ ಹೌದು. ಪ್ರಿಂಟರ್ ಮಾರಿದವನು ಸರ್ವರಿನವನ ಮೇಲೆ ಹಾಕಿದ, ಸರ್ವರಿನವನು ನೆಟ್‌ವರ್ಕಿನವನ ಮೇಲೆ ಹಾಕಿದ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಇದ್ದ ಮನುಷ್ಯ ಇನ್ನೊಂದು ಊರಿನಲ್ಲಿ, ಫೋನು ಎತ್ತಲಿಲ್ಲ.

ಮೂರನೇ ದಿನ ಯಾರೋ ಬಂದು ಐದು ನಿಮಿಷದಲ್ಲಿ ಸರಿ ಮಾಡಿಹೋದರಂತೆ. ಹೇಗೆ ಅಂತೀರಾ? ಮೂರು ಕೌಂಟರಿನವರಿಗೂ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡನ್ನೇ ಕೊಟ್ಟು, ಮರೆತು ಹೋಗದಿರಲಿ ಅಂತ ಚೀಟಿ ಬರೆದು ಪರದೆಯ ಅಂಚಿಗೆ ಅಂಟಿಸಿ! ಕೌಂಟರ್ ಗಾಜಿನಾಚೆಯಿಂದ ಅರ್ಜಿದಾರರೂ ಓದಬಹುದು. ಊರ ಜನರ ದಾಖಲೆಪತ್ರ ಇರೋ ಯಂತ್ರ ಸ್ವಾಮಿ ಅದು.

ಈ ಹಕ್ಕಿನ ಲೆಕ್ಕ ಏನು ಅಂತ ಬಸ್ಸಿನವರಿಗೆ ಬಸ್ಸಿನ ಭಾಷೆಯಲ್ಲೇ ಹೇಳಬಹುದು. ಬಸ್ಸು ಹತ್ತೋದು ಪ್ರಯಾಣಿಕನ ಹಕ್ಕು. ಟಿಕೆಟ್ ಹರಿಯೋದು, ಗಲಾಟೆ ಮಾಡಿದವನನ್ನು ಇಳಿಸೋದು ಕಂಡಕ್ಟರದು. ಬಸ್ಸನ್ನು ನಿಲ್ಲಿಸೋದು, ಹೊರಡಿಸೋದು ಸ್ಟೇರಿಂಗ್ ಹಿಡಿದವರದು. ಎಂಜಿನ್ ಬಿಚ್ಚಿ ಬೇರೆ ಕೂರಿಸೋದು ಡಿಪೋದಲ್ಲಿ, ಅದಕ್ಕೆ ಬೇರೆಯವರೇ ಇದ್ದಾರೆ. ವಿಂಡೋಸ್ ಸರ್ವರಿನಲ್ಲೂ ಹೆಚ್ಚುಕಡಿಮೆ ಹೀಗೇ. ಬರೀ ಪ್ರಿಂಟ್ ಹಾಕೋ ಹಕ್ಕು ಒಂದು. ಸಾಲಿನಲ್ಲಿ ನಿಂತ ಕಾಗದಗಳನ್ನು ತಡೆಯೋ, ತೆಗೆಯೋ ಹಕ್ಕು ಇನ್ನೊಂದು. ಪ್ರಿಂಟರನ್ನೇ ನಿಲ್ಲಿಸಿ ಅದರ ಸೆಟ್ಟಿಂಗ್ ಬದಲಿಸೋ ಹಕ್ಕು ಮತ್ತೊಂದು. ಮಾಮೂಲಾಗಿ "ಎವ್ರಿವನ್" ಅನ್ನೋ ಹೆಸರಿನಲ್ಲಿ ಮೊದಲನೇ ಹಕ್ಕು ಎಲ್ಲರಿಗೂ ಇದ್ದೇ ಇರುತ್ತೆ. ತಾನು ಕಳಿಸಿದ ಕಾಗದವನ್ನು ತಾನೇ ರದ್ದು ಮಾಡೋ ಹಕ್ಕು ಕಳಿಸಿದವನಿಗೂ ಇರುತ್ತೆ. ಇವೆಲ್ಲದರ ಮೇಲೆ, ಸಾಫ್ಟ್‌ವೇರ್ ಕೂರಿಸೋ ಹಕ್ಕು ಅಡ್ಮಿನಿಸ್ಟ್ರೇಟರ್‌ಗೆ ಮಾತ್ರ. ಪ್ರಿಂಟರಿಗೂ "ಡ್ರೈವರ್" ಅಂತ ಒಂದು ಸಾಫ್ಟ್‌ವೇರ್ ಇದೆ. ಆ ಡ್ರೈವರ್ ಬಸ್ಸಿನ ಡ್ರೈವರ್ ಅಲ್ಲ, ಡಿಪೋದಲ್ಲಿ ಕೂರಿಸೋ ಎಂಜಿನ್ನು ಅಂತ ತಿಳ್ಕೊಳ್ಳಿ.

ಎಲ್ಲಾ ಗಲಾಟೆ ಶುರುವಾಗಿದ್ದು ಈ ಡ್ರೈವರ್‌ನಿಂದಲೇ. ಹಿಂದೆಲ್ಲ ಕೌಂಟರಿನವರು ಸರ್ವರಿನ ಪ್ರಿಂಟರ್ ಮೇಲೆ ಎರಡು ಸಲ ಒತ್ತಿದರೆ ಸಾಕಿತ್ತು. ಡ್ರೈವರ್ ಸರ್ವರಿನಿಂದ ತಾನಾಗಿ ಇಳಿದು ಬಂದು ಕೂತುಕೊಳ್ತಿತ್ತು, ಯಾರ ಪಾಸ್‌ವರ್ಡನ್ನೂ ಕೇಳ್ತಿರಲಿಲ್ಲ. ಅನುಕೂಲವೇನೋ ಹೌದು. ಆದರೆ ವಿಂಡೋಸಿನಲ್ಲಿ ಪ್ರಿಂಟ್ ಕೆಲಸ ನೋಡಿಕೊಳ್ಳೋ "ಸ್ಪೂಲರ್" ಅನ್ನೋದಕ್ಕೆ ಆ ಯಂತ್ರದಲ್ಲಿ ಇರಬಹುದಾದ ಅಧಿಕಾರವೆಲ್ಲ ಇದೆ. ಜವಾನನಿಗೆ ಖಜಾನೆ ಬೀಗದ ಕೈ ಕೊಟ್ಟ ಹಾಗೆ. ಕಳ್ಳರ ಕಣ್ಣು ಅದರ ಮೇಲೆ ಬೀಳದೆ ಇರುತ್ತಾ? 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಅನ್ನೋ ವೈರಸ್ಸು, ಇರಾನ್ ದೇಶದ ಯುರೇನಿಯಂ ಯಂತ್ರಗಳನ್ನು ಕೆಡಿಸಿದ್ದು, ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ನುಗ್ಗಲು ಹಿಡಿದಿದ್ದ ದಾರಿಗಳಲ್ಲಿ ಈ ಸ್ಪೂಲರಿನ ತೂತೂ ಒಂದು.

2021ರಲ್ಲಿ ಆಗಿದ್ದು ಇನ್ನೂ ದೊಡ್ಡದು. ಆ ವರ್ಷ ಜೂನ್ ಕೊನೆಗೆ ಕೆಲವು ಸಂಶೋಧಕರು, ತೂತು ಆಗಲೇ ಮುಚ್ಚಿದೆ ಅಂತ ತಿಳಿದು, ಒಳನುಗ್ಗುವ ವಿಧಾನವನ್ನು ಬಹಿರಂಗ ಮಾಡಿಬಿಟ್ಟರು. ತೂತು ಮುಚ್ಚಿರಲಿಲ್ಲ! ಮಾಮೂಲಿ ಗುಮಾಸ್ತನ ಹೆಸರಿನಲ್ಲಿ ಒಳಗೆ ಬಂದವನು ಪ್ರಿಂಟರ್ ಡ್ರೈವರ್ ಅಂತ ಹೇಳಿಕೊಂಡು ಏನನ್ನಾದರೂ ಕೂರಿಸಿ, ಇಡೀ ಸರ್ವರಿಗೆ ಯಜಮಾನ ಆಗಬಹುದಿತ್ತು. ಅದಕ್ಕೆ "ಪ್ರಿಂಟ್‌ನೈಟ್‌ಮೇರ್" ಅಂತ ಹೆಸರು ಬಿತ್ತು, ಅಂದರೆ ಪ್ರಿಂಟಿನ ದುಃಸ್ವಪ್ನ. ಮೈಕ್ರೋಸಾಫ್ಟ್ ಜುಲೈನಲ್ಲಿ ಗಡಿಬಿಡಿಯಲ್ಲಿ ತೇಪೆ ಹಾಕಿತು. ಬೆಂಬಲ ನಿಲ್ಲಿಸಿದ್ದ ವಿಂಡೋಸ್ 7ಕ್ಕೂ ತೇಪೆ ಕೊಟ್ಟಿತು ಅಂದರೆ ಭಯ ಎಷ್ಟಿತ್ತು ನೋಡಿ. ಆಗಸ್ಟ್ 10ರಂದು ಬಂದದ್ದು ಇವತ್ತಿಗೂ ನಮ್ಮನ್ನು ಕಾಡ್ತಿರೋ ನಿಯಮ: ಇನ್ನು ಮುಂದೆ ಪ್ರಿಂಟರ್ ಡ್ರೈವರ್ ಕೂರಿಸಬೇಕಾದರೆ, ಬದಲಿಸಬೇಕಾದರೆ ಅಡ್ಮಿನಿಸ್ಟ್ರೇಟರೇ ಬೇಕು.

ನಿಯಮ ಸರಿಯಾದದ್ದೇ. ಆದರೆ ಸಾವಿರಾರು ಕಚೇರಿಗಳಲ್ಲಿ ಅಡ್ಮಿನಿಸ್ಟ್ರೇಟರ್ ಅನ್ನೋ ಮನುಷ್ಯನೇ ಇಲ್ಲವಲ್ಲ! ಸರ್ವರಿನಲ್ಲಿ ಡ್ರೈವರ್ ಹೊಸದಾಯಿತು ಅನ್ನಿ, ಕೌಂಟರಿನ ಯಂತ್ರ ತಾನೂ ಹೊಸದು ತರಿಸಿಕೊಳ್ಳೋಕೆ ಹೋಗುತ್ತೆ, ಪಾಸ್‌ವರ್ಡ್ ಕೇಳುತ್ತೆ, ಕೊಡೋರಿಲ್ಲ, ಅಲ್ಲಿಗೆ ಪ್ರಿಂಟ್ ಬಂದ್. ನಾಲ್ಕರಲ್ಲಿ ಒಂದು ಕೌಂಟರ್ ಮಾತ್ರ ಹೇಗೆ ಓಡ್ತಿತ್ತು ಅಂದರೆ, ಅದರಲ್ಲಿ ಹೊಸ ಡ್ರೈವರನ್ನು ಯಾರೋ ಮೊದಲೇ ಕೂರಿಸಿದ್ದರು. ಅಷ್ಟೇ ರಹಸ್ಯ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಇನ್ನೊಂದು ಬಂತು. ಪ್ರಿಂಟ್ ಹಂಚಿಕೊಂಡ ಅಂಗಡಿಗಳಲ್ಲಿ ಕೊನೆಗೆ 11ಬಿ ಅಂತ ಇರೋ ದೋಷಸಂಖ್ಯೆ ಕಾಣಿಸ್ತು. ಅರ್ಥ ಸುಲಭ. ಪ್ರಿಂಟರ್ ಇಟ್ಟುಕೊಂಡ ಕಂಪ್ಯೂಟರು "ಇನ್ನು ಮೇಲೆ ಮುಚ್ಚಿದ ಲಕೋಟೆಯಲ್ಲಿ ಬಂದ ಅರ್ಜಿ ಮಾತ್ರ ತಗೋತೀನಿ" ಅಂತು. ಕಳಿಸೋ ಕಂಪ್ಯೂಟರು ಹಳೇ ಅಭ್ಯಾಸದ ಪ್ರಕಾರ ತೆರೆದ ಕಾರ್ಡಿನಲ್ಲಿ ಬರೀತಿತ್ತು. ಎರಡೂ ಕಡೆ ಹೊಸ ಅಪ್‌ಡೇಟ್ ಹಾಕಿ, ಅಡ್ಮಿನಿಸ್ಟ್ರೇಟರ್ ಕೈಯಲ್ಲಿ ಡ್ರೈವರ್ ಕೂರಿಸಿದ್ದರೆ ಆಗ್ತಿತ್ತು. ನಮ್ಮ ಕಂಪ್ಯೂಟರ್ ಪಂಡಿತರು ಮಾಡಿದ್ದೇನು? ಅಪ್‌ಡೇಟನ್ನೇ ಕಿತ್ತು ಹಾಕಿದರು, ಇಲ್ಲವೇ ರಿಜಿಸ್ಟ್ರಿಯಲ್ಲಿ ಸೊನ್ನೆ ಬರೆದು ಲಕೋಟೆ ನಿಯಮವನ್ನೇ ರದ್ದು ಮಾಡಿದರು. ನೆಗಡಿ ಬಂತು ಅಂತ ಮೂಗು ಕೊಯ್ದ ಹಾಗೆ. ಅಂಗಡಿಯವರಿಗೆ ಹೇಳಿ ಮಾಡಿದ್ದರೆ ಅದೊಂದು ಮಾತು. ಹೇಳದೆ ಕೇಳದೆ ಮಾಡಿ ಮುನ್ನೂರು ರೂಪಾಯಿ ತಗೊಂಡು ಹೋದರು. ಆ ಸೊನ್ನೆ ಇನ್ನೂ ಎಷ್ಟು ಗಲ್ಲಾಗಳ ಕೆಳಗೆ ಕೂತಿದೆಯೋ!

ಹಾಗಾದರೆ ಸರಿಯಾಗಿ ಪತ್ತೆ ಮಾಡೋದು ಹೇಗೆ? ನಾನೇನು ಎಂಜಿನಿಯರ್ ಅಲ್ಲ. ಆದರೆ ಈ ವಿಷಯ ಬಲ್ಲವರ ಪಕ್ಕ ಕೂತು ನೋಡಿದ್ದೇನೆ. ಅವರು ಮೊದಲು ಯಂತ್ರ ಮುಟ್ಟಲ್ಲ, ಪ್ರಶ್ನೆ ಕೇಳ್ತಾರೆ. ಸರ್ವರ್ ಮುಂದೆ ಕೂತು ಪರೀಕ್ಷೆಯ ಹಾಳೆ ಹಾಕಿದರೆ ಬರುತ್ತಾ? ಬಂದರೆ ಪ್ರಿಂಟರ್, ತಂತಿ, ಕಾಗದ ಎಲ್ಲ ನಿರ್ದೋಷಿ. ಒಂದೇ ಕಂಪ್ಯೂಟರಿನಲ್ಲಿ ಬೇರೆಯವರು ಅವರ ಹೆಸರಿನಿಂದ ಒಳಗೆ ಬಂದು ಹಾಕಿದರೆ ಬರುತ್ತಾ? ಬಂದರೆ ದೋಷ ಮನುಷ್ಯನ ಹಕ್ಕಿನಲ್ಲಿ. ಅದೇ ಮನುಷ್ಯ ಪಕ್ಕದ ಕಂಪ್ಯೂಟರಿನಲ್ಲಿ ಕೂತರೆ ಬರುತ್ತಾ? ಬಂದರೆ ದೋಷ ಕಂಪ್ಯೂಟರಿನಲ್ಲಿ, ಬಹುಪಾಲು ಡ್ರೈವರಿನಲ್ಲಿ. ಈ ಮೂರು ಪ್ರಶ್ನೆಗೆ ಹತ್ತು ನಿಮಿಷ ಸಾಕು. ನಾವು ಮೂರು ದಿನ ಸಾಲಿನಲ್ಲಿ ನಿಲ್ತೇವೆ.

ಸಂಖ್ಯೆ ಬರೆದಿಟ್ಟುಕೊಳ್ಳೋದೂ ಮುಖ್ಯ. ಕೊನೆಗೆ ಬರೀ 5 ಇದ್ದರೆ ಪ್ರವೇಶ ಇಲ್ಲ ಅಂತ. 709 ಅಂದರೆ ಮೂಲದಲ್ಲಿ ಪ್ರಿಂಟರಿನ ಹೆಸರು ಸರಿ ಇಲ್ಲ ಅಂತ, ಅದನ್ನೂ ಹಕ್ಕಿನ ತಂಟೆ ಅಂದ್ಕೊಂಡು ಗಂಟೆಗಟ್ಟಲೆ ಒದ್ದಾಡೋರಿದ್ದಾರೆ. "ಏನೋ ಇಂಗ್ಲಿಷಲ್ಲಿ ಬಂತು ಸಾರ್, ಓಕೆ ಒತ್ತಿಬಿಟ್ಟೆ" ಅಂದರೆ ಬಂದವನು ಏನು ಮಾಡಬೇಕು? ಮೊಬೈಲಿನಲ್ಲಿ ಒಂದು ಫೋಟೋ ಹೊಡ್ಕೊಳ್ಳಿ. ಸರ್ವರಿನೊಳಗೇ ಪ್ರಿಂಟ್ ಸರ್ವಿಸ್ ಅನ್ನೋ ಹೆಸರಿನ ದಿನಚರಿ ಇದೆ, ಯಾವ ಹೊತ್ತಿಗೆ ಏನು ತಪ್ಪಿತು ಅಂತ ಅದು ಬರೆದಿಡುತ್ತೆ. ವಿವರವಾದ ದಿನಚರಿ ಮಾತ್ರ ಮಾಮೂಲಾಗಿ ಮುಚ್ಚಿರುತ್ತೆ, ತೆರೆದಿಡಬೇಕು. ಎಷ್ಟು ಕಚೇರಿಯಲ್ಲಿ ತೆರೆದಿದ್ದಾರೆ? ದೇವರೇ ಬಲ್ಲ.

ಇನ್ನೆರಡು ಸೂಕ್ಷ್ಮ ಇವೆ, ತಿಳಿದವರೂ ಇಲ್ಲಿ ಎಡವುತ್ತಾರೆ. ಒಬ್ಬ ಗುಮಾಸ್ತರನ್ನು ಪ್ರಿಂಟ್ ಹಕ್ಕಿರೋ ಗುಂಪಿಗೆ ಸೇರಿಸಿದರು ಅನ್ನಿ. ಅವರು ಕಂಪ್ಯೂಟರಿನಿಂದ ಹೊರಗೆ ಹೋಗಿ ಮತ್ತೆ ಒಳಗೆ ಬರೋವರೆಗೂ ಆ ಹಕ್ಕು ಅವರಿಗೆ ತಲುಪಲ್ಲ. ಬೆಳಿಗ್ಗೆ ಒಳಗೆ ಬಂದಾಗ ಕೊಟ್ಟ ಹಳೇ ಚೀಟಿಯೇ ಸಂಜೆವರೆಗೂ ಚಾಲ್ತಿ. "ಹಕ್ಕು ಕೊಟ್ಟೆ, ಆದರೂ ಬರ್ತಿಲ್ಲ" ಅಂತ ತಲೆ ಕೆರೆದುಕೊಂಡು ಕೊನೆಗೆ ಅಡ್ಮಿನಿಸ್ಟ್ರೇಟರನ್ನೇ ಮಾಡಿಬಿಡೋದು ಇಂಥ ಹೊತ್ತಿನಲ್ಲೇ. ಇನ್ನೊಂದು, ಒಬ್ಬನಿಗೆ ಒಂದು ಗುಂಪಿನಲ್ಲಿ "ಕೊಡು" ಅಂತಲೂ ಇನ್ನೊಂದು ಗುಂಪಿನಲ್ಲಿ "ಕೊಡಬೇಡ" ಅಂತಲೂ ನೇರವಾಗಿ ಬರೆದಿದ್ದರೆ "ಕೊಡಬೇಡ" ಅನ್ನೋದೇ ಗೆಲ್ಲುತ್ತೆ. ವರ್ಗವಾಗಿ ಹೋದ ಯಾರ ಮೇಲೋ ಸಿಟ್ಟಿಗೆ ಹಾಕಿದ ತಡೆ, ಆ ಕುರ್ಚಿಗೆ ಹೊಸದಾಗಿ ಬಂದವರ ಕೊರಳಿಗೂ ಬೀಳುತ್ತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನೋ ಗಾದೆ ಈ ಪೆಟ್ಟಿಗೆಗೂ ಗೊತ್ತಿದೆ ನೋಡಿ!

ಅಂಗಡಿಯವರ ಪಾಡು ಸ್ವಲ್ಪ ಬೇರೆ. ಅಲ್ಲಿ ಸರ್ವರ್ ಇಲ್ಲ, ಒಂದು ಕಂಪ್ಯೂಟರಿಗೆ ಚುಚ್ಚಿದ ಪ್ರಿಂಟರನ್ನು ಇನ್ನೊಂದು ಹಂಚಿಕೊಳ್ಳುತ್ತೆ, ಅಷ್ಟೇ. ಅಲ್ಲಿ ನಾನು ಕಂಡ ಹಾಗೆ ಮೊದಲನೇ ಅಪರಾಧಿ ಪಾಸ್‌ವರ್ಡ್ ಇಲ್ಲದ ಕಂಪ್ಯೂಟರು. "ನಮ್ಮದೇ ಅಂಗಡಿ, ಪಾಸ್‌ವರ್ಡ್ ಯಾಕೆ?" ಅಂತ ಖಾಲಿ ಬಿಟ್ಟಿರ್ತಾರೆ. ಖಾಲಿ ಪಾಸ್‌ವರ್ಡಿನ ಹೆಸರಿಗೆ ಎದುರು ಕೂತವರಿಗೆ ಮಾತ್ರ ಪ್ರವೇಶ, ತಂತಿಯಾಚೆಯಿಂದ ಬಂದವರಿಗೆ ಇಲ್ಲ. ಇದು ವಿಂಡೋಸಿನ ಹಳೇ ನಿಯಮ. ಎರಡನೆಯದು ನಾಲ್ಕಂಕಿಯ ಪಿನ್. ಬೆಳಿಗ್ಗೆ ಕಂಪ್ಯೂಟರ್ ತೆರೆಯೋಕೆ ಒತ್ತೋ ಪಿನ್ನು ಆ ಕಂಪ್ಯೂಟರಿಗೆ ಮಾತ್ರ, ಪಕ್ಕದ ಕಂಪ್ಯೂಟರ್ ಕೇಳಿದಾಗ ಕೊಡಬೇಕಾದ್ದು ಖಾತೆಯ ನಿಜವಾದ ಪಾಸ್‌ವರ್ಡು. ಪಿನ್ ಒತ್ತಿ ಒತ್ತಿ ಬೆರಳು ಸವೆದವರಿದ್ದಾರೆ. ಇನ್ನು ಹೆಸರೇ ಹೇಳದೆ ಅತಿಥಿಯಾಗಿ ನುಸುಳೋ ದಾರಿ ಹಲವು ಅಂಗಡಿಗಳಲ್ಲಿ ಇತ್ತು. ವಿಂಡೋಸ್ 11 ಪ್ರೊ ಇಟ್ಟುಕೊಂಡವರಿಗೆ 2024ರ ಆವೃತ್ತಿ ಬಂದಾಗ ಆ ದಾರಿಯೂ ಮಾಮೂಲಾಗಿ ಮುಚ್ಚಿತು. ಪ್ರಿಂಟರ್ ಇರೋ ಕಂಪ್ಯೂಟರಿನಲ್ಲಿ ಪ್ರಿಂಟ್ ಹಾಕೋಕಷ್ಟೇ ಅಂತ ಒಂದು ಸಾಮಾನ್ಯ ಖಾತೆ ತೆರೆದು, ಗಟ್ಟಿ ಪಾಸ್‌ವರ್ಡ್ ಕೊಟ್ಟು, ಗಲ್ಲಾದ ಕಂಪ್ಯೂಟರಿನಲ್ಲಿ ಅದನ್ನು ಒಂದು ಸಲ ಉಳಿಸಿಟ್ಟರೆ ಬಹುಪಾಲು ತಂಟೆ ಅಲ್ಲಿಗೆ ಮುಗೀತು.

ಅದಕ್ಕಿಂತ ಒಳ್ಳೇದು, ಪ್ರಿಂಟರಿನ ಬೆನ್ನಿಗೆ ನೆಟ್‌ವರ್ಕ್ ತಂತಿಯ ತೂತು ಇದ್ದರೆ ಹಂಚಿಕೊಳ್ಳೋ ಗೊಡವೆಯೇ ಬೇಡ. ರೌಟರಿಗೆ ನೇರ ಚುಚ್ಚಿ, ಅದಕ್ಕೆ ಬದಲಾಗದ ಒಂದು ವಿಳಾಸ ಕೊಡಿಸಿ, ಪ್ರತಿ ಕಂಪ್ಯೂಟರಿನಲ್ಲೂ ಒಂದೊಂದು ಸಲ ಸೇರಿಸಿಕೊಳ್ಳಿ. ಆಗ ಗೋಡೌನಿನ ಕಂಪ್ಯೂಟರ್ ಆಫ್ ಆಗಿದ್ದರೂ ಗಲ್ಲಾದ ಬಿಲ್ಲು ಬರುತ್ತೆ. ಲಿನಕ್ಸ್ ಹಾಕಿಕೊಂಡವರು ನಮ್ಮೂರಲ್ಲಿ ಕಡಿಮೆ. ಇದ್ದವರು ಉಬುಂಟುವಿನಲ್ಲಿ ಪ್ರಿಂಟರ್ ಸೇರಿಸಲು ಹೋಗಿ "ಫರ್ಬಿಡನ್" ಅಂತ ಕಂಡರೆ ಗಾಬರಿ ಬೀಳಬೇಡಿ. ನಿಮ್ಮ ಹೆಸರು ಎಲ್‌ಪಿಅಡ್ಮಿನ್ ಅನ್ನೋ ಗುಂಪಿನಲ್ಲಿ ಇದೆಯಾ ನೋಡಿ.

ಈಗ ಕಚೇರಿಗಳ ದೊಡ್ಡವರಿಗೆ ನೇರವಾಗಿ ಕೇಳ್ತೇನೆ. ಕಂಪ್ಯೂಟರ್ ನಿರ್ವಹಣೆಗೆ ವರ್ಷಕ್ಕೊಂದು ಗುತ್ತಿಗೆ ಕೊಡ್ತೀರಲ್ಲ, ಆ ಕಾಗದದಲ್ಲಿ ಪ್ರಿಂಟರಿನ ಟೋನರ್, ರೋಲರ್, ತಂತಿ ಎಲ್ಲ ಇರುತ್ತೆ. ಡ್ರೈವರ್ ಬದಲಾದಾಗ ಬಂದು ಕೂರಿಸೋರು ಯಾರು, ಎಷ್ಟು ಗಂಟೆಯೊಳಗೆ ಅಂತ ಒಂದು ಸಾಲು ಇದೆಯಾ? ಕಚೇರಿಯಲ್ಲೇ ಇಬ್ಬರು ಸಿಬ್ಬಂದಿಯನ್ನು ಆರಿಸಿ, ಆ ಒಂದು ಪ್ರಿಂಟರಿನ ನಿರ್ವಹಣೆಯ ಹಕ್ಕು ಮಾತ್ರ ಅವರಿಗೆ ಕೊಡಬಹುದಲ್ಲ? ಕೆಲಸದ ಸಾಲು ಕಟ್ಟಿಕೊಂಡರೆ ಬಿಡಿಸೋದು, ಪ್ರಿಂಟರ್ ನಿಲ್ಲಿಸಿ ಹೊರಡಿಸೋದು ಅವರೇ ಮಾಡ್ತಾರೆ. ಸರ್ವರಿನ ಬೀಗದ ಕೈ ಅವರಿಗೆ ಬೇಕಾಗಿಲ್ಲ. ಇಬ್ಬರು ಅಂದಿದ್ದು ಯಾಕೆಂದರೆ ಒಬ್ಬರು ರಜೆ ಹಾಕಿದರೂ ಕೌಂಟರ್ ನಿಲ್ಲಬಾರದು. ಡ್ರೈವರನ್ನಂತೂ ಗುತ್ತಿಗೆಯವರು ಎಲ್ಲ ಕೌಂಟರಿಗೂ ಮೊದಲೇ ಕೂರಿಸಿಟ್ಟರಾಯಿತು, ಆಮೇಲೆ ಗುಮಾಸ್ತರಿಗೆ ಪ್ರಿಂಟ್ ಹಾಕೋ ಹಕ್ಕೊಂದೇ ಸಾಕು.

"ಇದಕ್ಕೆಲ್ಲ ಹೊಸ ಯಂತ್ರ ಬೇಕು, ಅನುದಾನ ಇಲ್ಲ" ಅನ್ನೋ ಉತ್ತರ ಬರುತ್ತೆ ಅಂತ ಗೊತ್ತು. ಒಂದು ರೂಪಾಯಿಯ ಯಂತ್ರವೂ ಬೇಡ. ಯಾರಿಗೆ ಯಾವ ಹಕ್ಕು ಅಂತ ಅರ್ಧ ಹಾಳೆ ಬರೆದು ಸಹಿ ಹಾಕಬೇಕು, ಅಷ್ಟೇ. ಬರೆದು ಸಹಿ ಹಾಕಿದರೆ ಜವಾಬ್ದಾರಿ ಬರುತ್ತಲ್ಲ, ಬಹುಶಃ ಅದೇ ಕಷ್ಟ. ವಿಂಡೋಸ್ 10ರಲ್ಲೇ ಉಳಿದ ಕಂಪ್ಯೂಟರುಗಳ ಮಾತು ಮಾತ್ರ ಬೇರೆ. ಅದಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಅಲ್ಲಿ ಖರ್ಚು ತಪ್ಪಿದ್ದಲ್ಲ.

ಇನ್ನು ಪರದೆಗೆ ಅಂಟಿಸಿದ ಆ ಚೀಟಿಗಳು. ಅವನ್ನು ಇವತ್ತೇ ಕೀಳಿಸಿ ಸಾಹೇಬರೇ. ಕಿತ್ತರೆ ಸಾಲದು, ಪಾಸ್‌ವರ್ಡೂ ಬದಲಿಸಿ. ಓದಬೇಕಾದವರು ಆಗಲೇ ಓದಿಕೊಂಡಿರ್ತಾರೆ.

ಅಂಗಡಿಯವರಿಗೂ ಕಚೇರಿಯವರಿಗೂ ಒಂದು ದಿನಾಂಕ ಹೇಳಿ ಮುಗಿಸ್ತೇನೆ. ಮೈಕ್ರೋಸಾಫ್ಟಿನ ತಿಂಗಳ ಅಪ್‌ಡೇಟ್ ಹೊರಬರೋದು ಅಮೆರಿಕದ ಲೆಕ್ಕದಲ್ಲಿ ತಿಂಗಳ ಎರಡನೇ ಮಂಗಳವಾರ. ನಮಗೆ ಅದು ಮಂಗಳವಾರ ರಾತ್ರಿ, ಯಂತ್ರಗಳಿಗೆ ಇಳಿಯೋದು ಹೆಚ್ಚಾಗಿ ಬುಧವಾರದಿಂದ. ಪ್ರಿಂಟ್ ಹಠಾತ್ತನೆ ನಿಂತರೆ ಮೊದಲು ಕ್ಯಾಲೆಂಡರ್ ನೋಡಿ. ಗುತ್ತಿಗೆಯವನನ್ನು ಆ ಬುಧವಾರ ಸಂಜೆ ಕೌಂಟರ್ ಮುಚ್ಚಿದ ಮೇಲೆ ಕರೆಸಿ, ಅಪ್‌ಡೇಟ್ ಹಾಕಿಸಿ, ಒಂದೊಂದು ಕಂಪ್ಯೂಟರಿನಿಂದಲೂ ಗುಮಾಸ್ತರ ಹೆಸರಿನಲ್ಲೇ ಒಂದೊಂದು ಹಾಳೆ ಹಾಕಿಸಿ ನೋಡಿ. ಅಡ್ಮಿನಿಸ್ಟ್ರೇಟರ್ ಹೆಸರಿನಲ್ಲಿ ಹಾಕಿ "ಬಂತು ಸಾರ್" ಅಂದರೆ ಒಪ್ಪಬೇಡಿ, ಆ ಹೆಸರಿಗೆ ಯಾವತ್ತೂ ಬರುತ್ತೆ. ಗುರುವಾರ ನಮ್ಮೂರ ಸಂತೆ, ಹಳ್ಳಿಯವರೆಲ್ಲ ಕಚೇರಿ ಕೆಲಸಕ್ಕೂ ಅವತ್ತೇ ಬರೋದು.